ಬೀಟಲ್ ರಾಯರ ಜ್ವರ ಚಿಕಿತ್ಸೆ

ಭಾನುವಾರ ಬೆಳಿಗ್ಗೆ ನಂದಿಬೆಟ್ಟದ ತಿರುವಿನಲ್ಲಿ ಹಳೇ ಫೋಕ್ಸ್‌ವ್ಯಾಗನ್ ಬೀಟಲ್ ಒಂದರ ಹಿಂದೆ ಯಾರಾದರೂ ಕುಕ್ಕರುಗಾಲಲ್ಲಿ ಕೂತು, ಡಿಪ್‌ಸ್ಟಿಕ್ಕಿನ ತುದಿ ಹಿಡಿದು ಬಾಯಲ್ಲೇ ಎಣಿಸುತ್ತಿದ್ದರೆ ಅವರು ನಮ್ಮ ರಾಯರು, ಇಲ್ಲವೇ ಅವರ ಮತಸ್ಥರು. ಬೆರಳು ತಾಳಿಕೊಂಡರೆ ಆಯಿಲ್ ಕ್ಷೇಮ. ಚುರ್ ಎಂದರೆ ಜ್ವರ. ಆ ಕಾರಿನಲ್ಲಿ ಬಿಸಿ ತೋರಿಸುವ ಮೀಟರೇ ಇಲ್ಲ. ಹಾಗಾಗಿ ರಾಯರ ಹೆಬ್ಬೆರಳು ದೋಸೆ ಹೆಂಚಿನಷ್ಟೇ ಪಳಗಿದೆ.

ಅಷ್ಟರಲ್ಲಿ ಒಬ್ಬ ಪರೋಪಕಾರಿ ಬೈಕು ನಿಲ್ಲಿಸುತ್ತಾನೆ. "ಸಾರ್, ರೇಡಿಯೇಟರಿಗೆ ನೀರು ಹಾಕಿ ಸಾರ್."

ರಾಯರು ಕಾಯುತ್ತಿದ್ದದ್ದು ಇದೇ ಮಾತಿಗೆ. "ಇದಕ್ಕೆ ರೇಡಿಯೇಟರೇ ಇಲ್ಲಪ್ಪಾ. ಋಷಿಗಳ ಹಾಗೆ, ವಾಯುಭಕ್ಷಣೆ!" ಅಲ್ಲಿಂದ ಮುಂದೆ ಬೈಕಿನವನಿಗೆ ಬಿಡುಗಡೆಯಿಲ್ಲ. ಫ್ಯಾನು, ಡೈನಮೋ ಎರಡೂ ಒಂದೇ ಶಾಫ್ಟಿನ ಮೇಲೆ, ಎರಡಕ್ಕೂ ಒಂದೇ ಬೆಲ್ಟು. ಬೆಲ್ಟು ಹರಿದರೆ ಚಾರ್ಜಿನ ಕೆಂಪು ದೀಪ ಹತ್ತುತ್ತದೆ. ಹೊಸಬರು ಬ್ಯಾಟರಿ ತಕರಾರು ಎಂದುಕೊಂಡು ಹಾಗೇ ಓಡಿಸಿ ಎಂಜಿನ್ ಸುಟ್ಟುಕೊಳ್ಳುತ್ತಾರೆ. ಆಮೇಲೆ ಬರುವುದು ಮೂರನೇ ಸಿಲಿಂಡರಿನ ಗೋಳು. ರಾಯರದು 1967ರ ಗಾಡಿ. ಅದರಲ್ಲಿ ಆಯಿಲ್ ಕೂಲರು ಫ್ಯಾನಿನ ತಗಡಿನೊಳಗೇ, ಮೂರನೇ ಸಿಲಿಂಡರಿನ ಗಾಳಿಗೆ ಅಡ್ಡವಾಗಿ ನಿಂತಿದೆ. "ಛತ್ರದಲ್ಲಿ ಫ್ಯಾನಿಗೂ ನಮಗೂ ನಡುವೆ ದಪ್ಪ ಬೀಗರು ಕೂತ ಹಾಗೆ" ಎನ್ನುತ್ತಾರೆ ರಾಯರು, ಸ್ವಂತ ಬೀಗರನ್ನೇ ನೆನೆದು. ಪಾಪ ಅಂತ ಕಂಪನಿಯವರೇ ಆ ಸಿಲಿಂಡರಿನ ಕಿಡಿಯನ್ನು ಒಂದಿಷ್ಟು ತಡವಾಗಿ ಹಾರುವಂತೆ ಇಟ್ಟಿದ್ದರಂತೆ. 1971ರ ಮಾಡೆಲ್ಲಿಗೆ ಬೀಗರನ್ನು ಪಕ್ಕಕ್ಕೆ ಸರಿಸಿದರು.

ವಾರಕ್ಕೊಬ್ಬ ಅಪರಾಧಿ ಸಿಗುತ್ತಾನೆ. ಒಂದು ವಾರ ಟೈಮಿಂಗು. ಇನ್ನೊಂದು ವಾರ ಟ್ಯಾಪೆಟ್ಟು: ಎಂಜಿನ್ ತಣ್ಣಗಿರುವಾಗಲೇ ನೋಡಬೇಕೆಂದು ಬೆಳಗಿನ ಜಾವ ನಾಲ್ಕಕ್ಕೆದ್ದು 0.15 ಮಿ.ಮೀ. ಗ್ಯಾಪು ಇಡುತ್ತಾರೆ. ಮತ್ತೊಮ್ಮೆ ಕಾರ್ಬುರೇಟರು ಪೆಟ್ರೋಲಿನಲ್ಲಿ ಜಿಪುಣತನ ಮಾಡುತ್ತಿದೆಯೆಂಬ ಗುಮಾನಿ. ಎಂಜಿನ್ನಿನ ಸುತ್ತಲ ರಬ್ಬರು ಪಟ್ಟಿ ಹರಿದಿದ್ದಾಗಲಂತೂ, ಕೆಳಗೆ ಬಿಟ್ಟ ಬಿಸಿಗಾಳಿಯನ್ನೇ ಫ್ಯಾನು ಮತ್ತೆ ಎಳೆದುಕೊಳ್ಳುತ್ತದೆಂದು ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ. ಇದನ್ನೆಲ್ಲ ನೋಟ್‌ಬುಕ್ಕಿನಲ್ಲಿ ತಾರೀಖು ಸಮೇತ ಬರೆದು ಡ್ಯಾಶ್‌ಬೋರ್ಡಿನ ಗೂಡಿನಲ್ಲಿಡುತ್ತಾರೆ.

"ನನಗೆ ಜ್ವರ ಬಂದರೆ ಒಂದು ಮಾತ್ರೆ ನುಂಗಿ ಮಲಕ್ಕೋ ಅಂತಾರೆ" ಎನ್ನುತ್ತಾರೆ ಅವರ ಮನೆಯವರು, ಕಾಫಿ ಲೋಟ ನನ್ನ ಮುಂದೆ ಕುಕ್ಕಿ.

ಕೊನೆಗೆ ಗ್ಯಾರೇಜಿನ ಹುಡುಗನೊಬ್ಬ, ವ್ಯಾಖ್ಯಾನ ಪೂರ್ತಿ ಕೇಳುವಷ್ಟು ಪುರುಸೊತ್ತಿಲ್ಲದವನು, ಫ್ಯಾನಿನ ತಗಡನ್ನೇ ಬಿಚ್ಚಿದ. ಸಿಲಿಂಡರಿನ ರೆಕ್ಕೆಗಳ ಮೇಲೆ, ಗಾಳಿ ಇಳಿಯುವ ದಾರಿಯಲ್ಲೇ, ಬೆಚ್ಚಗೆ ಒಂದು ಇಲಿಗೂಡು. ಹತ್ತಿ, ತೆಂಗಿನ ನಾರು, ಸೀಟಿನ ಸ್ಪಂಜು. ಮಿಕ್ಕಿದ್ದೆಲ್ಲ ರೂಲು ಹಾಕಿದ ಕಾಗದದ ಚೂರು. ನೋಟ್‌ಬುಕ್ಕಿನಲ್ಲಿ ಹೋದ ಮಳೆಗಾಲದ ಹಾಳೆಗಳು ಯಾಕಿಲ್ಲವೆಂದು ಆಗ ತಿಳಿಯಿತು.

ಹುಡುಗ ನಗು ತಡೆದುಕೊಂಡು ನನ್ನ ಮುಖ ನೋಡಿದ. ರಾಯರು ಕನ್ನಡಕ ಏರಿಸಿ, ಬಾನೆಟ್ಟಿನ ಮೇಲೆ ಚೂರುಗಳನ್ನು ಒಂದಕ್ಕೊಂದು ಜೋಡಿಸಿ ಓದಿದರು. ಮುಖ ಅರಳಿತು.

"ನೋಡ್ರೀ, ನಾನು ಆಗಲೇ ಬರೆದಿದ್ದೆ: ಗಾಳಿ ಸಾಲದು!"