ಒಂದೇ ಗಂಟೆಯ ಭಾವ

ನಮ್ಮ ಭಾವನ ಎದುರು ಮಂಗಳೂರಿನ ಹೆಸರೆತ್ತಬಾರದು. ಎತ್ತಿದಿರೋ, "ಬೆಂಗಳೂರಿಂದ ರಸ್ತೇಲಿ 350 ಕಿಲೋಮೀಟರ್, ಆಕಾಶದಲ್ಲಿ 300. ವಿಮಾನದಲ್ಲಿ ಒಂದೇ ಗಂಟೆ ಮಾರಾಯ!" ಎಂದು ಶುರುವಾಗುತ್ತದೆ.

ಇಂಥವರು ಎಲ್ಲರ ಮನೆಯಲ್ಲೂ ಒಬ್ಬರಿರುತ್ತಾರೆ. ನೆಂಟರು ಚಪ್ಪಲಿ ಬಿಡುವ ಮೊದಲೇ ಯಾವ ದಾರಿಯಲ್ಲಿ ಬಂದಿರಿ ಎಂದು ಕೇಳಿ, ಇನ್ನೊಂದು ದಾರಿಯಲ್ಲಿ ಬಂದಿದ್ದರೆ ಇಪ್ಪತ್ತು ನಿಮಿಷ ಉಳಿಯುತ್ತಿತ್ತು ಎಂದು ಅವರ ಹೊಟ್ಟೆ ಉರಿಸುತ್ತಾರೆ. ತಾರಸಿಯ ಮೇಲೆ ವಿಮಾನದ ಸದ್ದಾದರೆ ಫೋನ್ ತೆಗೆದು ಅದು ಎಲ್ಲಿಯದೆಂದು ನೋಡದೆ ಬಟ್ಟೆ ಒಣಹಾಕುವುದಿಲ್ಲ.

ಶ್ರಾವಣದಲ್ಲಿ ಮಂಗಳೂರಿನಲ್ಲೊಂದು ಮದುವೆಯಿತ್ತು. ನಾವೆಲ್ಲ ರಾತ್ರಿ ಬಸ್ಸಿಗೆ ಹೊರಟೆವು. "ನೀವು ಶಿರಾಡಿ ಘಾಟಿಯಲ್ಲಿ ಕುಲುಕಿಕೊಂಡು ಹೋಗಿ. ನಾನು ಬೆಳಿಗ್ಗೆ ಹಾರಿ ಬರ್ತೇನೆ" ಎಂದರು ಭಾವ. ಏಳು ಗಂಟೆಯ ವಿಮಾನಕ್ಕೆ ಬನಶಂಕರಿಯ ಮನೆಯನ್ನು ನಾಲ್ಕಕ್ಕೇ ಬಿಟ್ಟರು. ವಿಮಾನ ಹಾರಿತು, ಬಜ್ಪೆಯ ಮೇಲಕ್ಕೂ ಬಂತು. ಅಲ್ಲಿಯ ರನ್‌ವೇ ಗುಡ್ಡದ ತಲೆ ಕಡಿದು ಮಾಡಿದ್ದು. ಆ ಬೆಳಿಗ್ಗೆ ಗುಡ್ಡವೇ ಮೋಡದೊಳಗಿತ್ತು. ಅರ್ಧ ಗಂಟೆ ಸುತ್ತು ಹೊಡೆದು ವಿಮಾನ ಬೆಂಗಳೂರಿಗೇ ವಾಪಸ್! ಮತ್ತೆ ಕಾದು, ಮತ್ತೆ ಹಾರಿ, ಭಾವ ಛತ್ರ ಸೇರಿದಾಗ ಎರಡು ಗಂಟೆ. ಧಾರೆ ಮುಗಿದಿತ್ತು, ಕೊನೆಯ ಪಂಕ್ತಿಗೆ ಎಲೆ ಹಾಕುತ್ತಿದ್ದರು.

"ಹತ್ತು ಗಂಟೆ ಆಯ್ತಲ್ಲ ಭಾವ, ರೈಲಾದರೂ ಇಷ್ಟರಲ್ಲಿ ಬರ್ತಿತ್ತು. ಐವತ್ತೇಳು ಸುರಂಗ ಪುಕ್ಕಟೆ" ಎಂದೆ.

ಭಾವ ಸಾರನ್ನು ಸೊರ್ರೆಂದು ಹೀರಿ, "ಟಿಕೆಟ್ಟಿನಲ್ಲಿ ಬರೆಯೋದು ವಿಮಾನ ನಿಂತ ಜಾಗದಿಂದ ಹೊರಟು, ಇಲ್ಲಿ ಬಂದು ನಿಲ್ಲುವವರೆಗಿನ ಹೊತ್ತು. ಗಾಳಿಯಲ್ಲಿ ಇದ್ದದ್ದು ನಲವತ್ತೈದೇ ನಿಮಿಷ. ಈ ಸಲದ್ದು, ಮೊದಲಿನದ್ದಲ್ಲ" ಎಂದರು.

ನಾನು ನಕ್ಕೆ. ಆದರೆ ನಮ್ಮ ಬಸ್ಸು ಏಳೂಮುಕ್ಕಾಲು ಗಂಟೆಗೆ ತಲುಪಿತೆಂದು ಬೆಳಿಗ್ಗೆಯಿಂದ ಎಂಟು ಜನರಿಗೆ ಹೇಳಿದ್ದವನೂ ನಾನೇ.

ವಾಪಸ್ ಬರುವಾಗ ವಿಮಾನದಲ್ಲಿ ಸೀಟು ಸಿಗದೆ ಭಾವ ನನ್ನ ಪಕ್ಕ ಬಸ್ಸಿನಲ್ಲಿ ಕೂತರು. ಉಪ್ಪಿನಂಗಡಿ ದಾಟಿದ ಮೇಲೆ, ಕಿಟಕಿಯ ಮಳೆಹನಿ ನೋಡುತ್ತಾ, ತಾವಾಗಿಯೇ ಹೇಳಿದರು: "ಹಾಸ್ಟೆಲಿಗೆ ಇದೇ ದಾರೀಲಿ ಹೋಗ್ತಿದ್ದದ್ದು. ಅಪ್ಪನಿಗೆ ಮಾತು ಕಮ್ಮಿ. ಕಾಗದದಲ್ಲಿ ಒಂದೇ ಪ್ರಶ್ನೆ, ಬಸ್ಸು ಎಷ್ಟು ಗಂಟೆಗೆ ಮುಟ್ಟಿತು ಅಂತ. ನಾನೂ ಗಂಟೆ, ನಿಮಿಷ ಬರೆದು ಹಾಕ್ತಿದ್ದೆ. ಬೇರೇನೂ ಬರೆಯಲಿಕ್ಕೆ ಇಬ್ಬರಿಗೂ ಬರ್ತಿರಲಿಲ್ಲ."

ಆಮೇಲೆ ಸಕಲೇಶಪುರದವರೆಗೆ ಭಾವ ಒಂದೂ ಲೆಕ್ಕ ಹೇಳಲಿಲ್ಲ. ನನಗೇ ಏನೋ ಕಳೆದುಕೊಂಡ ಹಾಗಾಯಿತು.

ಬೆಳಿಗ್ಗೆ ಮನೆ ಸೇರಿದವನೇ ಫೋನ್ ಮಾಡಿದೆ. "ತಲುಪಿದೆ ಭಾವ. ಒಟ್ಟು ಎಂಟೂಕಾಲು ಗಂಟೆ."

ಕೆಲವರ ಬಾಯಲ್ಲಿ ಕ್ಷೇಮ ಸಮಾಚಾರವೂ ಗಂಟೆ-ನಿಮಿಷವಾಗಿಯೇ ಬರುತ್ತದಲ್ಲ ಎಂದು ನಾನು ಮೆತ್ತಗಾಗುತ್ತಿದ್ದೆ. ಅಷ್ಟರಲ್ಲಿ ಆ ಕಡೆಯಿಂದ ಧ್ವನಿ ಬಂತು:

"ಸಕಲೇಶಪುರದಲ್ಲಿ ಕಾಫಿಗೆ ನಿಂತದ್ದು ಕಳೆದೆಯೋ ಇಲ್ಲವೋ?"