ಜಾತಕ ನೋಡಿ ಟೈರು

ನಮ್ಮ ಭಾವನವರ ಪೋರ್ಷೆ 911 ಕರೇರಾ ಎಸ್‌ಗೆ ಹೊಸ ಟೈರು ಬೇಕು. ಮುಂದಿನದು 20 ಇಂಚು, ಹಿಂದಿನದು 21. ಅಂದಮೇಲೆ ಹಿಂದಿನದನ್ನು ಮುಂದಕ್ಕೆ ಹಾಕಿ ಇನ್ನಾರು ತಿಂಗಳು ತಳ್ಳುವ ನಮ್ಮ ಮನೆತನದ ಉಪಾಯ ಇಲ್ಲಿ ನಡೆಯದು. ಮೇಲೆ ‘ಎನ್’ ಗುರುತು ಬೇರೆ ಇರಬೇಕು. ಅದು ಪೋರ್ಷೆಯವರ ಒಪ್ಪಿಗೆ ಮುದ್ರೆ. ಅಂಗಡಿಯ ಹುಡುಗ ಮಂಡಿಯೂರಿ, ಟೈರಿನ ಪಕ್ಕೆಯ ಧೂಳು ಒರೆಸಿ ನಾಲ್ಕಂಕಿ ತೋರಿಸಿದ: 2324. “2024ನೇ ಇಸವಿ, 23ನೇ ವಾರ ಸಾರ್.” ಹುಟ್ಟಿದ ವಾರ ಸಿಕ್ಕಿತು, ನಕ್ಷತ್ರವೊಂದು ಬಾಕಿ! ರಬ್ಬರು ಮೆತ್ತಗಿದ್ದಷ್ಟೂ ಹಿಡಿತ ಜಾಸ್ತಿ, ಆಯುಷ್ಯ ಕಮ್ಮಿ. ‘ವೈ’ ಗುರುತಿನದು ಗಂಟೆಗೆ 300 ಕಿ.ಮೀ. ವೇಗ ತಾಳುತ್ತದೆ.

“ಸಿಲ್ಕ್ ಬೋರ್ಡ್ ಟ್ರಾಫಿಕ್ ಜಾಮ್‌ನಲ್ಲಿ ಎಷ್ಟು ದಿನ ಬಾಳಿಕೆ ಬರುತ್ತಪ್ಪಾ?” ಎಂದರು ಭಾವ.

“ಅಲ್ಲಿ ಟೈರು ಸವೆಯಲ್ಲ ಸಾರ್, ನಿಂತಲ್ಲೇ ವಯಸ್ಸಾಗುತ್ತೆ.”