ಸುಣ್ಣ ಎಲ್ಲಿ ಹೋಯ್ತು, ಮಾವ?

ಆಷಾಢದ ಒಂದು ಬೆಳಿಗ್ಗೆ ಪಕ್ಕದೂರಿನ ಹುಡುಗ ಫೋನ್ ಮಾಡಿ, "ಮಾವ, ನಿಮ್ಮ ಬ್ಲಾಗಲ್ಲಿದ್ದ ಸುಣ್ಣ ಎಲ್ಲಿ ಹೋಯ್ತು?" ಎಂದ. ಕವಳದ ವಿಷಯವೇನೋ ಅಂದುಕೊಂಡೆ. ಅಲ್ಲ, ಅವನು ಕೇಳಿದ್ದು ಬೋರ್ಡೋ ದ್ರಾವಣದ ಸುಣ್ಣ.

ನಮ್ಮ ತೀರ್ಥಹಳ್ಳಿ ಸೀಮೆಯಲ್ಲಿ ಮಳೆ ಹಿಡಿದುಕೊಂಡಿತೆಂದರೆ ಅಡಿಕೆಗೆ ಕೊಳೆ, ಕೊಳೆಗೆ ಬೋರ್ಡೋ. ಮೈಲುತುತ್ತ 1 ಕಿಲೋ, ನೀರು 100 ಲೀಟರ್, ಸುಣ್ಣ 1 ಕಿಲೋ. ಸುಣ್ಣ ಕಡಿಮೆಯಾದರೆ ಮೈಲುತುತ್ತವೇ ತೋಟ ಸುಡುತ್ತದೆ. ಇದನ್ನು ಚೊಕ್ಕವಾಗಿ ಪಟ್ಟಿ ಮಾಡಿ ಬರೆದ ಪುಟ ನನ್ನದು. ನನ್ನ ಕವನ ಓದುವವರು ನಾನು ಮತ್ತು ನನ್ನ ತಂಗಿ. ಬೋರ್ಡೋ ಓದುವವರು ಊರೆಲ್ಲ.

ಪುಕ್ಕಟೆ ಜಾಗ ನಂಬಬಾರದೆಂಬ ಬುದ್ಧಿ ನನಗೆ ಬಂದದ್ದು 2014ರ ಸೆಪ್ಟೆಂಬರ್ 30ಕ್ಕೆ ಆರ್ಕುಟ್ ಬಾಗಿಲು ಹಾಕಿದಾಗ. ಅಲ್ಲಿ ಬರೆದದ್ದೆಲ್ಲ ತುಂಗೆಯ ಪಾಲಾದಂತೆ ಹೋಯಿತು. ಆಮೇಲಿಂದ ವರ್ಷ ವರ್ಷ ಡಾಲರ್ ಲೆಕ್ಕದಲ್ಲಿ ದುಡ್ಡು ಕಟ್ಟಿ ಬ್ಲಾಗ್ ಇಟ್ಟುಕೊಂಡಿದ್ದೇನೆ. ಕಟ್ಟುವುದೂ ಸುಲಭವಲ್ಲ ಮಾರಾಯ್ರೆ. ಕಾರ್ಡಿಗೆ ಒಟಿಪಿ ಬೇಕು, ಒಟಿಪಿಗೆ ಸಿಗ್ನಲ್ ಬೇಕು, ಸಿಗ್ನಲ್ ಇರುವುದು ಮನೆ ಹಿಂದಿನ ಗುಡ್ಡದ ಮೇಲೆ. ನಂಬರ್ ಬಾಯಿಪಾಠ ಮಾಡಿಕೊಂಡು, ಉಂಬಳ ಕೊಡವಿಕೊಳ್ಳುತ್ತ ಇಳಿದು ಬರುವಷ್ಟರಲ್ಲಿ ಅದರ ಆಯಸ್ಸು ಮುಗಿದಿರುತ್ತದೆ. "ಆ ದುಡ್ಡಿಗೆ ಎರಡು ಚೀಲ ಸುಣ್ಣನಾದ್ರೂ ಬರ್ತಿತ್ತು," ಎನ್ನುತ್ತಾಳೆ ಹೆಂಡತಿ.

ಬ್ಲಾಗ್ ತೆರೆದು ನೋಡಿದರೆ ರಾತ್ರೋರಾತ್ರಿ ಅದಕ್ಕೆ ಹೊಸ ರೂಪ ಬಂದಿದೆ. ಒಂದೊಂದು ಪ್ಯಾರಾವೂ ಒಂದೊಂದು ಡಬ್ಬಿಯೊಳಗೆ. ಪಟ್ಟಿಯಲ್ಲಿ ಮೈಲುತುತ್ತವಿದೆ, ನೀರಿದೆ. ಮೂರನೇ ಕಾಲಂ ಮೊಬೈಲಿನ ಅಂಚು ದಾಟಿ ಆಚೆ ಬಿದ್ದಿದೆ. ಹೊಸ ಅಕ್ಷರವಂತೂ ಒತ್ತುಗಳನ್ನೆಲ್ಲ ಕಳಚಿ ಪಕ್ಕಕ್ಕಿಟ್ಟಿದೆ. ನಮ್ಮೂರು ಈಗ 'ತೀರ್‌ಥಹಳ್‌ಳಿ'. ಓದಿದರೆ ಬಿಕ್ಕಳಿಕೆ ಬಂದವನ ಹಾಗೆ ಕೇಳುತ್ತದೆ.

ಬ್ಲಾಗ್ ಕಂಪನಿಗೆ ದೂರು ಕೊಟ್ಟೆ. ಮೊದಲು ಒಂದು ಯಂತ್ರ, ನನ್ನ ಅನಿಸಿಕೆಗೆ ಧನ್ಯವಾದ ಹೇಳಿ ಬಣ್ಣದ ಕಾಗದದ ಚೂರು ಹಾರಿಸಿತು. ಆಮೇಲೆ ಬಂದ ಮನುಷ್ಯ, "ಕ್ಯಾಶ್ ಖಾಲಿ ಮಾಡಿ" ಎಂದ. "ಅದನ್ನು ನೀವೇ ವರ್ಷದ ದುಡ್ಡು ಕಟ್ಟಿಸಿಕೊಂಡಾಗ ಮಾಡಿದ್ದೀರಲ್ಲ," ಎಂದೆ. ಅವನು ಹೇಳಿದ್ದು ಬ್ರೌಸರಿನದಂತೆ. ಅದನ್ನೂ ಖಾಲಿ ಮಾಡಿದೆ; ಸುಣ್ಣ ಬರಲಿಲ್ಲ. ಹಳೇ ರೂಪವೇ ಬೇಕಿದ್ದರೆ ಮೇಲಿನ ದರ್ಜೆಗೆ ಹೋಗಬೇಕು, ಅದಕ್ಕೆ ದುಡ್ಡು ಬೇರೆ ಎಂದೂ ತಿಳಿಯಿತು.

ನಮ್ಮೂರ ಹೋಟೆಲಿನಲ್ಲಿ ಚಟ್ನಿಗೆ ಶುಂಠಿ ಹಾಕುವುದು ಬಿಟ್ಟರೆ ಗಲ್ಲಾದಲ್ಲಿ ಕೂತ ಭಟ್ಟರನ್ನು ಎಲ್ಲರೆದುರೇ ಕೇಳಬಹುದು. ಮಾರನೆಯ ದಿನ ಶುಂಠಿ ವಾಪಸ್ ಬರುತ್ತದೆ, ಜತೆಗೆ ಭಟ್ಟರ ಸಿಟ್ಟೂ ಬರುತ್ತದೆ. ಈ ಕಂಪನಿಗೆ ಗಲ್ಲಾ ಇದೆ, ಭಟ್ಟರಿಲ್ಲ.

ಹುಡುಗ ಮಾತ್ರ ಜಾಣ. ಸುಣ್ಣವಿಲ್ಲದ್ದು ಕಂಡು ಅನುಮಾನಪಟ್ಟು, ಅಜ್ಜನಿಂದ ಕಲಿತ ಹಾಗೆ, ಹೊಳೆಯುವ ಕತ್ತಿಯನ್ನು ದ್ರಾವಣದಲ್ಲಿ ಅದ್ದಿ ನೋಡಿದ್ದಾನೆ. ಕತ್ತಿ ಕೆಂಪಗಾಯಿತು. ಹೊಡೆಯುವುದನ್ನು ನಿಲ್ಲಿಸಿ ಫೋನ್ ಮಾಡಿದ. ತೋಟ ಉಳಿಯಿತು, ನನ್ನ ಮರ್ಯಾದೆಯೂ.

ಹೊಸ ರೂಪದಲ್ಲಿ ಕತ್ತರಿಸದೆ ಬಿಟ್ಟಿರುವುದು ತಲೆಬರಹ ಒಂದನ್ನೇ. ಹಾಗಾಗಿ ಬೋರ್ಡೋ ಲೆಕ್ಕವನ್ನೆಲ್ಲ ಆ ಪುಟದ ತಲೆಬರಹಕ್ಕೇ ಏರಿಸಿದ್ದೇನೆ. ಈ ಮಳೆಗಾಲದಲ್ಲಿ ಓದುವವರು ತಲೆಬರಹ ಮಾತ್ರ ಓದಿ. ಅಲ್ಲಿ 'ಸುಣ್‌ಣ' ಎಂದು ಕಾಣುತ್ತದೆ. ನೀವು ಹಾಕುವಾಗ ಸರಿಯಾಗಿ 1 ಕಿಲೋ ಹಾಕಿ.